ಐದನೇ ಗುರುತಿನ ತೇಪೆ

ಕಮಲಾಪುರದ ಗಂಡುಮಕ್ಕಳ ಶಾಲೆಯ ದೈಹಿಕ ಶಿಕ್ಷಕರು ನಂದೂರಿನ ನನ್ನ ಅಂಗಡಿಗೆ ಬಂದ ದಿನ ನಾನು ಒಂದು ದಾಲ್ ಮಿಲ್ಲಿನ ಜರಡಿಗೆ ಚೌಕಟ್ಟು ಕೂಡಿಸುತ್ತಿದ್ದೆ. ಅವರು ಬೈಕಿನಿಂದ ಇಳಿದವರೇ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು. ಚಡ್ಡಿ ತೊಟ್ಟ ಹುಡುಗನೊಬ್ಬ ನೆಟ್ಟ ಕಂಬವನ್ನು ಎರಡೂ ತೊಡೆಗಳಲ್ಲಿ ಹಿಡಿದು, ತಲೆ ಕೆಳಗೆ ಮಾಡಿ, ಕೈ ಚಾಚಿ ನಿಂತಿದ್ದ. ಆಮೇಲೆ ಜೇಬಿನಿಂದ ಅಳತೆಯ ಚೀಟಿ ತೆಗೆದರು.

“ಮಲ್ಲಕಂಬ ಯಾವಾಗರೆ ಮಾಡೀರೇನ್ರಿ ಮಿಸ್ತ್ರಿ?”

“ತೊಟ್ಟಿಲ ಮಾಡೀನಿ, ಮಂಚ ಮಾಡೀನಿ, ಗುಡಿ ಬಾಗಲ ಮಾಡೀನಿ. ಕಂಬ ಅಂದ್ರ ಏನ್ ಮಹಾ ರೀ ಸರ್, ದುಂಡನ ಕಟ್ಟಿಗಿ.”

“ದುಂಡನ ಕಟ್ಟಿಗಿ ಅಂದ ಮೂರು ಮಂದಿ ಅಳತಿ ನೋಡಿ ಒಲ್ಲೆ ಅಂದಾರ.”

ಮೂರು ಮಂದಿ ಒಲ್ಲೆ ಎಂದ ಕೆಲಸ ಎಂದಮೇಲೆ ನಾನು ಚೀಟಿ ಕೈಗೆ ತೆಗೆದುಕೊಂಡೆ. ಅದು ನನ್ನ ಸ್ವಭಾವ.

ಚೀಟಿಯಲ್ಲಿದ್ದದ್ದು ಇಷ್ಟು. ಕಂಬದಲ್ಲಿ ಮೂರು ಭಾಗ: ಉದ್ದನೆಯ ಮೈ, ಅದರ ಮೇಲೆ ಸಣ್ಣ ಕುತ್ತಿಗೆ, ಅದರ ಮೇಲೆ ಗುಂಡಗಿನ ತಲೆ. ಮೂರೂ ಒಂದೇ ಕಟ್ಟಿಗೆಯಲ್ಲಿ ಆಗಬೇಕು, ಜೋಡಿಸುವಂತಿಲ್ಲ. ನೆಲದ ಹತ್ತಿರ ಸುತ್ತಳತೆ ಐವತ್ತೈದು ಸೆಂಟಿಮೀಟರ್, ಮೈ ಮುಗಿದು ಕುತ್ತಿಗೆ ಶುರುವಾಗುವಲ್ಲಿ ಮೂವತ್ತು. ನಡುವೆ ಎಲ್ಲಿಯೂ ಉಬ್ಬು ತಗ್ಗು ಇಲ್ಲದೆ ಒಂದೇ ಸಮ ಸಪೂರವಾಗುತ್ತ ಹೋಗಬೇಕು. ಮಣ್ಣೊಳಗೆ ಮೂರು ಅಡಿ.

ಶಿಕ್ಷಕರು ಹೋಗುವ ಮುಂಚೆ ವಿಷಯ ಪೂರ್ತಿ ಹೇಳಿದರು. ಶಾಲೆಯಲ್ಲಿ ಮೊದಲಿದ್ದ ಕಂಬಕ್ಕೆ ಬುಡದಲ್ಲಿ ಗೆದ್ದಲು ಹಿಡಿದಿತ್ತು. ಅದು ಅಲುಗಾಡಿ, ಏಳನೇ ತರಗತಿಯ ಹುಡುಗನೊಬ್ಬ ಬಿದ್ದು ಮಣಿಕಟ್ಟು ಮುರಿದುಕೊಂಡ. ಪಾಲಕರು ಆಟವೇ ಬೇಡ ಎಂದರು. ಆರು, ಏಳು, ಎಂಟನೇ ತರಗತಿಗಳಿಗೆ ವಾರಕ್ಕೆ ಎರಡು ಪಿರಿಯಡ್ ಮಲ್ಲಕಂಬ ಇತ್ತು. ಅದನ್ನು ವೇಳಾಪಟ್ಟಿಯಿಂದ ತೆಗೆದು ಗಣಿತ, ಇಂಗ್ಲಿಷ್ ಪುನರಾವರ್ತನೆಗೆ ಕೊಡುವುದೆಂದು ಮಾತಾಗಿತ್ತು. ಹೆಡ್ ಮಾಸ್ತರು ಒಂದೇ ಒಂದು ಅವಕಾಶ ಕೊಟ್ಟಿದ್ದರು: ಹೊಸ ಕಂಬ ನಿಲ್ಲಿಸಿ, ಬರುವ ತಿಂಗಳ ಕೊನೆಯ ಶನಿವಾರ ಪಾಲಕರನ್ನು ಕರೆಸೋಣ, ಅವರು ನೋಡಿ ಹೂಂ ಎಂದರೆ ಆಟ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

“ನಮ್ಮ ಸಾಲ್ಯಾಗ ಪುಸ್ತಕ ಕಂಡ್ರ ನಿದ್ದಿ ಮಾಡೋ ಹುಡುಗರು ಈ ಕಂಬದ ಸಲುವಾಗಿ ದಿನಾ ಬರ್ತಾರ ರೀ,” ಎಂದರು ಶಿಕ್ಷಕರು. “ಇದು ಹೋಯ್ತಂದ್ರ ನಾಕೈದು ಹುಡುಗರು ಸಾಲಿನೂ ಬಿಡ್ತಾರ. ಬರದುಕೊಡ್ತೀನಿ ಬೇಕಾದ್ರ.”

ಬರೆದುಕೊಡುವುದು ಬೇಕಾಗಿರಲಿಲ್ಲ. ಆರನೇ ಇಯತ್ತೆಯ ನಡುವೆ ಶಾಲೆ ಬಿಟ್ಟವನು ನಾನು. ಆ ವಯಸ್ಸಿನ ಹುಡುಗ ಯಾವುದಕ್ಕೆ ಶಾಲೆಗೆ ಹೋಗುತ್ತಾನೆ, ಯಾವುದಕ್ಕೆ ಬಿಡುತ್ತಾನೆ ಎಂಬುದು ನನಗೆ ಗೊತ್ತು.

ಹಸಿ ಕಟ್ಟಿಗೆ ತಂದರೆ ಬಿಸಿಲಿಗೆ ಸೀಳುತ್ತದೆ. ಅದಕ್ಕೆ ಹಳೆ ಕಟ್ಟಿಗೆಯೇ ಬೇಕು. ಊರೊಳಗೆ ಕೆಡವಿದ ಒಂದು ಹಳೆ ಮನೆಯ ಎರಡು ಸಾಗವಾನಿ ತೊಲೆಗಳು ನನ್ನ ಅಂಗಡಿಯ ಹಿಂದೆ ಬಿದ್ದಿದ್ದವು. ಎಂಟಿಂಚು ಚೌಕ, ತಟ್ಟಿದರೆ ಗಂಟೆಯಂತೆ ದನಿ. ಒಂದನ್ನು ಕಂಬಕ್ಕೆ ತೆಗೆದೆ. ಇನ್ನೊಂದು ನಾನು ಕಟ್ಟಿಸುತ್ತಿದ್ದ ಮನೆಯ ತಲೆಬಾಗಿಲಿನ ಚೌಕಟ್ಟಿಗೆಂದು ಇಟ್ಟದ್ದು.

ಚೌಕವನ್ನು ಎಂಟು ಮೂಲೆ, ಎಂಟನ್ನು ಹದಿನಾರು ಮೂಲೆ ಮಾಡಿ, ಆಮೇಲೆ ರಂದಾ ಎಂಬ ಕೀಸುಳಿಯಿಂದ ದುಂಡಗೆ ಮಾಡುವುದು ನಮ್ಮ ಪದ್ಧತಿ. ಕಣ್ಣೇ ನನ್ನ ಅಳತೆಗೋಲು. ಆರನೇ ದಿನ ಕಂಬದ ನಡುಭಾಗದಲ್ಲಿ, ಎರಡು ಬೆರಳು ಆಳದಲ್ಲಿ, ಹಳೆಯ ಗೂಟದ ತೂತು ಬಾಯಿ ತೆರೆಯಿತು. ಹಿಂದಿನ ಕಾಲದಲ್ಲಿ ಅಡ್ಡ ತೊಲೆ ಕೂಡಿಸಲು ಗೂಟ ಹೊಡೆದು, ಬೇಡವಾದಾಗ ಕೊಯ್ದು ಬಿಟ್ಟ ಜಾಗ ಅದು. ಹೊರಗೆ ಮೇಣ ತುಂಬಿ ಬಣ್ಣ ಹೊಡೆದಿದ್ದರಿಂದ ನನಗೆ ಕಂಡಿರಲಿಲ್ಲ.

ಬಡಿಗನಾದವನು ಇಂಥ ಕಡೆ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಅದೇ ತೊಲೆಯ ಚೂರಿನಲ್ಲಿ ಎಳೆಗೆ ಎಳೆ ಹೊಂದುವಂತೆ ಒಂದು ತುಂಡು ಕೆತ್ತಿ, ಸರೇಸಿನ ಅಂಟು ಹಚ್ಚಿ ಬಡಿದು ಕೂಡಿಸಿದೆ. ಸಂದಿಗೆ ಅದೇ ಕಟ್ಟಿಗೆಯ ಹುಡಿ ತುಂಬಿದೆ. ತೇಪೆಯ ಅಂಚು ಕಾಣಬಾರದೆಂದು ಆ ಜಾಗದಲ್ಲಿ ರಂದಾ ಹೆಚ್ಚು ಓಡಿಸಲಿಲ್ಲ, ಸುತ್ತಲೂ ಕೂದಲೆಳೆಯಷ್ಟು ಕಟ್ಟಿಗೆ ಉಳಿಸಿ ಕಣ್ಣಿಗೆ ಸಮ ಮಾಡಿದೆ. ಮುಗಿದ ಮೇಲೆ ನನಗೇ ತೇಪೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಸುಳ್ಳೇಕೆ ಹೇಳಲಿ, ಕಂಬಕ್ಕಿಂತ ಆ ತೇಪೆಯ ಬಗ್ಗೆಯೇ ನನಗೆ ಹೆಚ್ಚು ಹೆಮ್ಮೆ ಇತ್ತು. ಶಿಕ್ಷಕರಿಗೆ ಹೇಳಲಿಲ್ಲ. ಯಾರೂ ಹೇಳುವುದಿಲ್ಲ. ಕಾಣದ ತೇಪೆಯ ಮಾತು ಗಿರಾಕಿಯ ಮುಂದೆ ತೆಗೆಯುವುದು ನಮ್ಮಲ್ಲಿ ಇಲ್ಲ.

ಕಂಬವನ್ನು ಸಾಮಾನಿನ ಟಂಟಂ ಆಟೋದಲ್ಲಿ ಹೇರಿ, ಹಿಂದೆ ಚಾಚಿದ ತುದಿಗೆ ಕೆಂಪು ಅರಿವೆ ಕಟ್ಟಿ ಕಮಲಾಪುರಕ್ಕೆ ಒಯ್ದೆವು. ಮಣ್ಣೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿದು, ಮೂರು ಅಡಿ ಕುಣಿಯಲ್ಲಿ ಇಳಿಸಿ, ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಕೆಂಪುಕಲ್ಲಿನ ಚೂರು ಮತ್ತು ಮಣ್ಣು ಒಂದೊಂದು ಪದರ ಹಾಕಿ ಬಡಿದೆವು. ಸಿಮೆಂಟ್ ಹಾಕಲಿಲ್ಲ. ಮುಂದೆ ತೆಗೆಯಬೇಕಾಗಬಹುದು ಎಂದು ಶಿಕ್ಷಕರೇ ಹೇಳಿದ್ದರು. ಸುತ್ತಲೂ ಅಗೆದು ಉಸುಕು ತುಂಬಿದ್ದೂ ಅವರೇ. ಆಮೇಲೆ ಹುಡುಗರು ಸಾಲಾಗಿ ನಿಂತು ಅಂಗೈಯಲ್ಲಿ ಔಡಲ ಎಣ್ಣೆ ಹಾಕಿಕೊಂಡು ಕಂಬಕ್ಕೆ ತಿಕ್ಕಿದರು. ಸಾಗವಾನಿ ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತು.

“ಕಾಕಾ, ಇದು ಕಂಬೋ, ಮದುಮಗನೋ?” ಎಂದ ಒಬ್ಬ.

“ಮದುಮಗನೇ ಅಂತ ತಿಳಕೋ. ಹೆಂಗಂದ್ರ ಹಂಗ ಒದಿಬ್ಯಾಡ,” ಎಂದೆ.

ಆವತ್ತು ನಾನು ಎದೆ ಉಬ್ಬಿಸಿಕೊಂಡೇ ಊರಿಗೆ ಬಂದೆ.

ಹತ್ತು ದಿನದ ಮೇಲೆ, ಗುರುವಾರ, ಎಣ್ಣೆ ಹೇಗೆ ಹಿಡಿದಿದೆ ನೋಡಲು ಮತ್ತೆ ಹೋದೆ. ಪಾಲಕರು ಬರುವುದಕ್ಕೆ ಇನ್ನು ಒಂಬತ್ತು ದಿನ ಇದ್ದವು. ಕಂಬದ ಸುತ್ತ ಏಳನೇ ತರಗತಿ ಇಡೀ ನೆರೆದಿತ್ತು. ಗಣಿತದ ಸರ್ ವೃತ್ತದ ಪಾಠವನ್ನು ಕಂಬದ ಮೇಲೆಯೇ ಮಾಡುತ್ತಿದ್ದರು. ನೆಲದಿಂದ ಪ್ರತಿ ಇಪ್ಪತ್ತೇಳು ಸೆಂಟಿಮೀಟರಿಗೆ ಒಂದು ಸೀಮೆಸುಣ್ಣದ ಗುರುತು, ಒಟ್ಟು ಎಂಟು ಗುರುತು. ಮೈಯ ಉದ್ದ ಎರಡು ನೂರಾ ಇಪ್ಪತ್ತೈದು, ಸುತ್ತಳತೆ ಇಳಿಯಬೇಕಾದದ್ದು ಇಪ್ಪತ್ತೈದು. ಹಾಗಾದರೆ ಒಂಬತ್ತು ಸೆಂಟಿಮೀಟರ್ ಏರಿದರೆ ಸುತ್ತಳತೆ ಒಂದು ಇಳಿಯಬೇಕು, ಇಪ್ಪತ್ತೇಳು ಏರಿದರೆ ಮೂರು. ಹುಡುಗರು ಮೊದಲು ಲೆಕ್ಕದಲ್ಲಿ ಎಷ್ಟು ಬರಬೇಕು ಎಂದು ಬರೆದುಕೊಂಡು, ಆಮೇಲೆ ಟೇಪು ಸುತ್ತಿ ನೋಡುತ್ತಿದ್ದರು. ಐವತ್ತೆರಡು, ನಲವತ್ತೊಂಬತ್ತು, ನಲವತ್ತಾರು, ನಲವತ್ಮೂರು. ನನ್ನ ಕಣ್ಣಳತೆ ಲೆಕ್ಕಕ್ಕೆ ತಾಳೆಯಾಗುತ್ತಿತ್ತು. ನಾನು ಕೈ ಕಟ್ಟಿ ನಿಂತು ನಗುತ್ತಿದ್ದೆ.

ಐದನೇ ಗುರುತಿಗೆ ನಲವತ್ತು ಬರಬೇಕಿತ್ತು. ಟೇಪು ಹಿಡಿದ ಹುಡುಗ ಎರಡು ಸಲ ಸುತ್ತಿದ.

“ನಲವತ್ತೊಂದು ಅದ ರೀ ಸರ್.”

“ಟೇಪ್ ಓರೆ ಹಿಡಿದಿ, ನೆಟ್ಟಗ ಹಿಡಿ,” ಎಂದೆ ನಾನು.

“ನೆಟ್ಟಗೇ ಅದ ಕಾಕಾ.”

ಗಣಿತದ ಸರ್ ತಾವೇ ಸುತ್ತಿದರು. ನಲವತ್ತೊಂದೇ. ಅವರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಆರೋಪವೇನೂ ಇರಲಿಲ್ಲ.

“ಎಣ್ಣಿ ಕುಡದು ಉಬ್ಬ್ಯದ ರೀ ಸರ್,” ಎಂದೆ. “ಕಟ್ಟಿಗಿ ಅಂದ್ಮ್ಯಾಲೆ ಇಷ್ಟು ಇರ್ತದ.”

“ಹೌದೇನ್ರಿ? ಮತ್ತ ಉಳಿದ ಕಡಿ ಯಾಕ ಉಬ್ಬಿಲ್ಲ?”

ನಾನು ಬಕೀಟಿನಲ್ಲಿದ್ದ ಎಣ್ಣೆಯನ್ನು ನೋಡುವ ನೆಪ ಮಾಡಿದೆ. ಹುಡುಗರು ನನ್ನ ಮಾತನ್ನೇ ಪಟ್ಟಿಯಲ್ಲಿ ಬರೆದುಕೊಂಡರು: ‘ಐದನೇ ಗುರುತು, ಒಂದು ಸೆಂ.ಮೀ. ಹೆಚ್ಚು, ಕಾರಣ ಎಣ್ಣೆ.’ ಅಕ್ಷರ ನನಗೆ ಓದಲು ಬರುತ್ತದೆ. ಮೂವತ್ತೆಂಟು ಹುಡುಗರ ನೋಟ್‌ಬುಕ್ಕಿನಲ್ಲಿ ನನ್ನ ಸುಳ್ಳು ಪಾಠವಾಗಿ ಕೂತಿತ್ತು.

ಸಂಜೆ ಅಭ್ಯಾಸ ಶುರುವಾಯಿತು. ವಿಡಿಯೊದಲ್ಲಿ ನಾನು ಕಂಡ ಹುಡುಗನೇ ಮೊದಲು ಏರಿದ. ಅವನೂ ಏಳನೇ ತರಗತಿಯವನೇ. ಕಂಬಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿ, ಹಾರಿ ಹಿಡಿದು, ತಲೆ ಕೆಳಗಾಗಿ ತೊಡೆಗಳ ಹಿಡಿತದ ಮೇಲೆ ನಿಂತ. ಹಾಗೆಯೇ ಸುತ್ತುತ್ತ ಕೆಳಗೆ ಜಾರುವುದು ಆ ಪಟ್ಟಿನ ಕೊನೆ. ಅರ್ಧಕ್ಕೆ ಬಂದವನು ಸರಕ್ಕನೆ ಹಿಡಿತ ಬಿಟ್ಟು ಉಸುಕಿಗೆ ಹಾರಿದ.

“ಯಾಕಲೇ, ಅಂಜಿದೇನು?” ಎಂದರು ಶಿಕ್ಷಕರು.

“ಅಂಜಿಲ್ರಿ ಸರ್. ಅಲ್ಲಿ ಕಚ್ಚತದ.”

“ಕಂಬ ಕಚ್ಚತದಾ? ಹಲ್ಲು ಎಲ್ಲಿ ಅವ ತೋರ್ಸು.”

ಉಳಿದ ಹುಡುಗರು ನಕ್ಕರು. ಅವನು ನಗಲಿಲ್ಲ. ಎದ್ದು ಬಂದು, ಕಣ್ಣು ಮುಚ್ಚಿ, ಅಂಗೈಯ ಹಿಂಭಾಗವನ್ನು ಕಂಬದ ಮೇಲೆ ಮೆಲ್ಲಗೆ ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. “ಇಲ್ಲಿ,” ಎಂದ. ಅವನ ಕೈ ನಿಂತದ್ದು ನನ್ನ ತೇಪೆಯ ಮೇಲಿನ ಅಂಚಿನಲ್ಲಿ.

ನಾನೂ ಕೈ ಆಡಿಸಿದೆ. ಉಳಿ ಹಿಡಿದು ದಪ್ಪವಾದ ನನ್ನ ಅಂಗೈಗೆ ಏನೂ ಹತ್ತಲಿಲ್ಲ. ಉಗುರು ಆಡಿಸಿದೆ. ಆಗ ಹತ್ತಿತು. ಎಣ್ಣೆ ತೇಪೆಯ ತುಂಡಿನೊಳಗೆ ಬೇರೆ ರೀತಿ ಇಳಿದು, ಅಂಚು ಕಾಗದದ ದಪ್ಪದಷ್ಟು ಎದ್ದಿತ್ತು. ಹುಡುಗನ ತೊಡೆಯ ಒಳಭಾಗದಲ್ಲಿ ಕೆಂಪು ಗೆರೆ ಎದ್ದಿತ್ತು, ರಕ್ತ ಬಂದಿರಲಿಲ್ಲ.

ಹುಡುಗರನ್ನು ಕಳಿಸಿದ ಮೇಲೆ ಶಿಕ್ಷಕರನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಗೂಟದ ತೂತು, ತೇಪೆ, ಗಣಿತದ ಸರ್ ಮುಂದೆ ಹೇಳಿದ ಸುಳ್ಳು. ಅವರು ತೇಪೆಯ ಅಂಚಿಗೆ ಉಗುರು ಆಡಿಸಿ ನೋಡಿದರು.

“ಉಜ್ಜಿ ಸಮ ಮಾಡಿದ್ರ ಆಗಂಗಿಲ್ಲೇನು?”

“ಇವತ್ತಿಗಿ ಆಗ್ತದ ರೀ ಸರ್. ಇನ್ನಾ ನಾಕ್ ಸಲ ಎಣ್ಣಿ ಹಚ್ಚಿದ್ರ ಮತ್ತ ಏಳ್ತದ. ಒಂದಿನ ಸಿಬಿರು ಎದ್ದು ಹುಡುಗನ ತೊಡ್ಯಾಗ ಇಳೀತದ. ಹುಡುಗ ತಲಿ ಕೆಳಗ ಮಾಡಿ ನಿಂತಿರ್ತಾನ.”

“ಅಂದ್ರ?”

“ತಗೀಬೇಕು.”

“ಒಂಬತ್ ದಿನ ಅದಾವ ರೀ ಮಿಸ್ತ್ರಿ. ಪಾಲಕರು ಬಂದು ಖಾಲಿ ಕುಣಿ ನೋಡಿದ್ರಂದ್ರ ಮುಗೀತು. ಗುಂಡಿ ಮುಚ್ಚಿ ಅದ್ರ ಮ್ಯಾಲೆ ಇಂಗ್ಲಿಷ್ ಪಾಠ ಮಾಡ್ತಾರ.”

ಅವರು ಹೇಳಿದ್ದು ಖರೆ. ತೇಪೆ ಇರುವುದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಉಜ್ಜಿ ಬಿಟ್ಟರೆ ಪಾಲಕರ ಕಣ್ಣಿಗೆ ಕಂಬ ಚಿನ್ನದ ಹಾಗೆ ಕಾಣುತ್ತದೆ, ಅವರು ಹೂಂ ಎನ್ನುತ್ತಾರೆ, ಆಟ ಉಳಿಯುತ್ತದೆ. ಆಮೇಲೆ ರಜೆಯಲ್ಲಿ ಬದಲಿಸಬಹುದು. ಇದನ್ನೆಲ್ಲ ನಾನೂ ಯೋಚಿಸಿದೆ. ಆದರೆ ಕಣ್ಣು ಮುಚ್ಚಿ ಕೈ ಎಳೆದ ಆ ಹುಡುಗನ ಮುಂದೆ ನನಗೆ ಉಜ್ಜಲು ಆಗುತ್ತಿರಲಿಲ್ಲ. ನಾನು ಎಲ್ಲರ ಕಣ್ಣಿಗೆ ಮುಚ್ಚಿದ್ದನ್ನು ಅವನ ಚರ್ಮ ಹುಡುಕಿ ತೆಗೆದಿತ್ತು.

“ಒಂಬತ್ ದಿನದಾಗ ಇನ್ನೊಂದು ನಿಲ್ಲಸ್ತೀನಿ,” ಎಂದೆ. “ಆದ್ರ ಅಂಗಡ್ಯಾಗ ಮಾಡಂಗಿಲ್ಲ. ಇಲ್ಲೇ, ಸಾಲಿ ಅಂಗಳದಾಗ ಮಾಡ್ತೀನಿ. ಎಲ್ಲಾರೂ ನೋಡ್ಲಿ.”

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿ, ತಲೆಬಾಗಿಲಿನ ತೊಲೆಯ ಮಾತು ತೆಗೆದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಎರಡು ವರ್ಷದಿಂದ ಆ ತೊಲಿಗಿ ನನ್ನ ಬಾಗಲ ಬಾಗಲ ಅಂತ ಹಾಡಿದವರು ಯಾರು?”

“ನಾನೇ.”

“ಮತ್ತ ನನಗ ಯಾಕ ಕೇಳ್ತೀರಿ. ಹುಡುಗರ ತೊಡಿಗಿ ತ್ಯಾಪಿ ಹಚ್ಚಿ ಬಂದವರು ನೀವು. ಬಾಗಲಿಗಿ ಬೇವಿನ ಕಟ್ಟಿಗಿ ನಡೀತದ, ನಾ ಏನು ಬಾಗಲ ಮ್ಯಾಲೆ ತಲಿ ಕೆಳಗ ಮಾಡಿ ನಿಲ್ಲಾಕಿ ಅಲ್ಲ.”

ಮರುದಿನ ಮೂಲೆ ಕೊಯ್ಯಿಸಲು ನಂದೂರಿನ ಕಟ್ಟಿಗೆ ಮಿಲ್ಲಿಗೆ ತೊಲೆ ಒಯ್ದೆ. ಮಿಲ್ಲಿನವರು ನೋಡಿದ ಕೂಡಲೇ ಕೈ ಆಡಿಸಿದರು. ಹಳೆ ಮನೆಯ ತೊಲೆಯೊಳಗೆ ಮೊಳೆ ಇರುತ್ತವೆ, ಗರಗಸದ ಬ್ಲೇಡು ಹೋಗುತ್ತದೆ, ಆಗುವುದಿಲ್ಲ ಎಂದರು. ಒಂಬತ್ತರಲ್ಲಿ ಒಂದು ದಿನ ಹೀಗೇ ಹೋಯಿತು. ತೊಲೆಯನ್ನು ಹಾಗೆಯೇ ಕಮಲಾಪುರಕ್ಕೆ ಸಾಗಿಸಿ, ಶಾಲೆಯ ಬೇವಿನ ಗಿಡದ ಕೆಳಗೆ ಆಸರೆಗೆ ಎರಡು ಕಟ್ಟಿಗೆಯ ಕುದುರೆ ಹೂಡಿ ಅವುಗಳ ಮೇಲೆ ಮಲಗಿಸಿದೆ. ಕೈಯಿಂದಲೇ ಬಾಚಿ ಹಿಡಿದು ಕೆತ್ತುವುದೆಂದು ತೀರ್ಮಾನಿಸಿದೆ.

ಮೊಳೆಯ ಮಾತು ಕೇಳಿ ಗಣಿತದ ಸರ್ ವಿಜ್ಞಾನದ ಕೋಣೆಯಿಂದ ಅಯಸ್ಕಾಂತ ತರಿಸಿದರು. ಹುಡುಗರು ಅದನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ಇಂಚು ಇಂಚಾಗಿ ಒಯ್ದರು. ಎಲ್ಲಿ ಅಯಸ್ಕಾಂತ ಒಂದು ಕಡೆಗೆ ವಾಲಿತೋ ಅಲ್ಲಿ ಸೀಮೆಸುಣ್ಣದ ಸುತ್ತು. ಏಳು ಕಡೆ ಸಿಕ್ಕಿತು. ಆರು ಮೊಳೆಗಳನ್ನು ಕೊರೆದು ತೆಗೆದೆ. ಅವೆಲ್ಲ ಮೇಲಿನ ಪದರದಲ್ಲಿದ್ದವು, ಕೆತ್ತಿದಾಗ ಆ ತೂತುಗಳು ಸಿಪ್ಪೆಯ ಜೊತೆಗೇ ಹೋಗುತ್ತಿದ್ದವು. ಏಳನೆಯದು ಗೂಟದ ತೂತಿನಲ್ಲಿ ಮುರಿದು ಕೂತ ಕಬ್ಬಿಣ. ಅಳೆದು ನೋಡಿದೆ. ತೂತು ತೊಲೆಯ ಒಂದು ತುದಿಯಿಂದ ಒಂದೂವರೆ ಅಡಿಯಲ್ಲಿತ್ತು. ಆ ತುದಿಯನ್ನು ಬುಡ ಮಾಡಿದರೆ ತೂತು ಮಣ್ಣೊಳಗೆ ಹೋಗುತ್ತದೆ.

ಈ ಸಲ ಹುಡುಗರನ್ನೆಲ್ಲ ಕರೆದು ತೋರಿಸಿದೆ. “ಇಲ್ಲಿ ತೂತದ, ನೋಡ್ಕೋರಿ. ಇದು ಮಣ್ಣಾಗ ಹೋಗ್ತದ, ನಿಮ್ಮ ಮೈಗಿ ಹತ್ತಂಗಿಲ್ಲ. ಇದು ಬಿಟ್ಟು ಇನ್ನೊಂದು ಯಾರಿಗರೆ ಸಿಕ್ಕರ ನನಗ ಹೇಳ್ರಿ, ಕೆಲಸ ನಿಲ್ಲಸ್ತೀನಿ.”

ಆಮೇಲೆ ಐದನೇ ಗುರುತಿನ ನಿಜವನ್ನೂ ಹೇಳಿದೆ. ಕಾರಣ ಎಣ್ಣೆ ಅಲ್ಲ, ನನ್ನ ತೇಪೆ ಎಂದೆ. ಗಣಿತದ ಸರ್ ಹುಡುಗರಿಗೆ ನೋಟ್‌ಬುಕ್ ತೆಗೆಸಿ ಅಲ್ಲೇ ತಿದ್ದಿಸಿದರು. ಮೂವತ್ತೆಂಟು ಪೆನ್ನುಗಳು ನನ್ನ ಮಾತನ್ನು ಹೊಡೆದು ಹಾಕುವ ಸದ್ದು ಕೇಳುತ್ತ ನಿಂತದ್ದು ನನಗೆ ಸುಲಭವಾಗಿರಲಿಲ್ಲ.

ಕೆಲಸ ಬೇಗ ಆಗಬೇಕಿತ್ತು. ಕಣ್ಣಳತೆಯಲ್ಲಿ ಒಂದು ಕಂಬಕ್ಕೆ ಹನ್ನೊಂದು ದಿನ ಹಿಡಿದಿತ್ತು. ಈಗ ನನಗೆ ಉಳಿದದ್ದು ಏಳು. ಹೆಚ್ಚು ಹೊತ್ತು ಹೋಗುವುದು ಕೆತ್ತುವುದರಲ್ಲಿ ಅಲ್ಲ, ಹತ್ತು ಸಲ ನಿಂತು, ಬಾಗಿ, ಸಮ ಇದೆಯೇ ಎಂದು ನೋಡುವುದರಲ್ಲಿ. ಗಣಿತದ ಸರ್ ಒಂದು ಮಾತು ಹೇಳಿದರು: ಪ್ರತಿ ಗುರುತಿನ ಸುತ್ತಳತೆ ಹುಡುಗರ ಬಳಿ ಇದೆ, ಅದರಿಂದ ವ್ಯಾಸ ತೆಗೆದು, ಪ್ರತಿ ಗುರುತಿಗೊಂದು ಅರ್ಧ ವೃತ್ತದ ಫರ್ಮಾ, ಅಂದರೆ ಅಳತೆಯ ಅಚ್ಚು, ಕೊಯ್ದರೆ ಹೇಗೆ? ನನ್ನ ವಿದ್ಯೆ ಸುತ್ತಳತೆ ಎಂದರೆ ವ್ಯಾಸದ ಮೂರು ಪಟ್ಟು ಮತ್ತು ಸ್ವಲ್ಪ ಎಂಬಲ್ಲಿಗೆ ನಿಂತಿತ್ತು. ಆ ‘ಸ್ವಲ್ಪ’ ಎಷ್ಟು ಎಂಬ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟಿದ್ದೆ.

ಹುಡುಗರು ಗುಂಪು ಗುಂಪಾಗಿ ಕೂತು ಲೆಕ್ಕ ಮಾಡಿದರು. ಎರಡು ಗುಂಪಿನ ಉತ್ತರ ಒಂದೇ ಬಂದರೆ ಮಾತ್ರ ನಾನು ಪ್ಲೈವುಡ್ ಕೊಯ್ಯುತ್ತಿದ್ದೆ. ಒಂದು ಗುಂಪು ವ್ಯಾಸದ ಬದಲು ತ್ರಿಜ್ಯ ಬರೆದುಕೊಟ್ಟಿತು. ಹಾಗೇ ಕೊಯ್ದಿದ್ದರೆ ಕಂಬ ಬಡಿಗೆಯಷ್ಟು ಸಣ್ಣದಾಗುತ್ತಿತ್ತು.

“ಲೇ, ಇದರ ಮ್ಯಾಲೆ ಇಲಿ ಏರಸ್ತೀರೇನು?” ಎಂದೆ.

ಎಂಟು ಫರ್ಮಾ ತಯಾರಾದವು. ಮೂರು ದಿನ ಬಾಚಿ, ಎರಡು ದಿನ ರಂದಾ. ಪ್ರತಿ ಗುರುತಿನಲ್ಲಿ ಮೊದಲು ಫರ್ಮಾ ಕೂರುವಂತೆ ಒಂದು ಬಳೆ ಕೆತ್ತಿ, ಆಮೇಲೆ ಬಳೆಯಿಂದ ಬಳೆಗೆ ರಂದಾ ಓಡಿಸಿದೆ. ನಿಂತು ನೋಡುವ ಹೊತ್ತೆಲ್ಲ ಉಳಿಯಿತು. ಹುಡುಗರು ಬಿಡುವಿನ ಹೊತ್ತಿಗೆ ಬಂದು ಬೆಳಕಿಗೆ ಎದುರಾಗಿ ಫರ್ಮಾ ಹಿಡಿದು ಸಂದಿ ನೋಡುತ್ತಿದ್ದರು. “ಕಾಕಾ, ಬೆಳಕು ಬರ್ಲಾಕತ್ತದ” ಎಂದರೆ ಅದರ ಪಕ್ಕದಲ್ಲಿ ಇನ್ನೂ ಎತ್ತರ ಇದೆ ಎಂದು ಅರ್ಥ.

ಕುತ್ತಿಗೆ ಮಾತ್ರ ನನಗೆ ಕಷ್ಟ ಕೊಟ್ಟಿತು. ಅಷ್ಟುದ್ದದ ಕಟ್ಟಿಗೆಯನ್ನು, ಕಟ್ಟಿಗೆ ತಿರುಗಿಸಿ ಕೆತ್ತುವ ಯಾವ ಖರಾದಿಯ ಯಂತ್ರಕ್ಕೂ ಏರಿಸಲಾಗದು. ಮೋಮಿನಪುರದಲ್ಲಿ ತೊಟ್ಟಿಲ ಕಾಲು ತಿರುವುವ ಚಾಚಾ ಒಬ್ಬರಿದ್ದಾರೆ, ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದೆ. ಅವರು ಕಂಬದ ಸುತ್ತ ಎರಡು ಸುತ್ತು ನಡೆದು ನಕ್ಕರು.

“ಲಕಡಿ ನೈ ಘೂಮತಿ ತೊ ತೂ ಘೂಮ್ ರೇ.”

ಕಟ್ಟಿಗೆ ತಿರುಗದಿದ್ದರೆ ನೀನೇ ತಿರುಗು. ಹಾಗೆಯೇ ಮಾಡಿದೆವು. ಕುತ್ತಿಗೆಯ ಎರಡೂ ತುದಿಗೆ ಕೈಗರಗಸದಿಂದ ಸುತ್ತಲೂ ಗೀರು ಹಾಕಿ, ಒಬ್ಬರು ಗೋಲ ಉಳಿ ಹಿಡಿದು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಸುತ್ತುತ್ತ ಒಂದು ಇಡೀ ದಿನ ಕೆತ್ತಿದೆವು. ಎಂಬತ್ತು ದಾಟಿದ ಚಾಚಾ ನನಗಿಂತ ಹೆಚ್ಚು ಸುತ್ತಿದರು.

ಶುಕ್ರವಾರ ತೇಪೆಯ ಕಂಬ ಕಿತ್ತು ಹೊಸದನ್ನು ನಿಲ್ಲಿಸಿ, ತೂಗುಗುಂಡು ಹಿಡಿದು, ಮಣ್ಣು ಬಡಿದೆವು. ತೊಡೆಗೆ ಕಚ್ಚಿಸಿಕೊಂಡ ಹುಡುಗನನ್ನು ಕರೆದು, ಕಣ್ಣು ಮುಚ್ಚಿ ಕೈ ಎಳೆಯಲು ಹೇಳಿದೆ. ಬುಡದಿಂದ ಕುತ್ತಿಗೆಯವರೆಗೆ, ನಾಲ್ಕು ದಿಕ್ಕಿನಿಂದ ಎಳೆದ.

“ಏನೂ ಇಲ್ರಿ ಕಾಕಾ,” ಎಂದ.

ಶನಿವಾರ ಪಾಲಕರು ಬಂದರು. ಬಂದವರ ಮುಖ ನೋಡಿದ ಕೂಡಲೇ ತಿಳಿಯಿತು, ಹುಡುಗರು ಮನೆಯಲ್ಲಿ ಎಲ್ಲ ಹೇಳಿದ್ದಾರೆ. ಮಣಿಕಟ್ಟು ಮುರಿದುಕೊಂಡ ಹುಡುಗನ ತಂದೆ ಮುಂದೆಯೇ ಕೂತಿದ್ದರು. ಕೆಂಪು ಬಾಳೆಯ ತೋಟದವರು. ಹೆಡ್ ಮಾಸ್ತರು ಮಾತು ಶುರು ಮಾಡುವ ಮೊದಲೇ ಅವರು ಎದ್ದರು.

“ಬಡಗೇರ ಯಾರು?”

“ನಾನೇ ರೀ.”

“ಮೊದಲಿನ ಕಂಬಕ್ಕ ತ್ಯಾಪಿ ಹಚ್ಚಿ ನಿಲ್ಲಿಸಿದಿ ಅಂತ. ಇದರಾಗ ಏನ್ ಮುಚ್ಚಿಟ್ಟೀದಿ?”

ಅಂಗಳದಲ್ಲಿ ಗುಸುಗುಸು ಎದ್ದಿತು. ದೈಹಿಕ ಶಿಕ್ಷಕರು ನಡುವೆ ಬರಲು ನೋಡಿದರು, ನಾನು ಕೈ ಅಡ್ಡ ಹಿಡಿದೆ.

“ಮಣ್ಣಾಗ ಒಂದ್ ತೂತದ ರೀ ಅಪ್ಪಾರ, ಬುಡದಿಂದ ಒಂದೂವರಿ ಅಡಿ. ಎಲ್ಲಾ ಹುಡುಗರೂ ನೋಡ್ಯಾರ. ಮ್ಯಾಲೆ ಏನೂ ಇಲ್ಲ. ನನ್ನ ಮಾತು ನಂಬಬ್ಯಾಡ್ರಿ, ನೀವೇ ನೋಡ್ರಿ.”

“ಕಣ್ಣಿಗಿ ಕಂಡದ್ದು ನಾನೂ ನಂಬಂಗಿಲ್ಲ. ನಮ್ಮ ಬಾಳಿಹಣ್ಣೂ ಮ್ಯಾಲೆ ಕೆಂಪಗೇ ಇರ್ತದ, ಒಳಗ ಕಪ್ಪಾಗಿರ್ತದ.”

“ಅದಕ್ಕೇ ಟೇಪ್ ಹಿಡೀರಿ ಅಂತೀನಿ.”

ಗಣಿತದ ಸರ್ ಹುಡುಗರಿಗೆ ಸನ್ನೆ ಮಾಡಿದರು. ಒಬ್ಬ ನೋಟ್‌ಬುಕ್ ಹಿಡಿದು ನಿಂತು, ಟೇಪು ಸುತ್ತುವ ಮೊದಲೇ ಎಷ್ಟು ಬರಬೇಕು ಎಂದು ಓದುತ್ತಿದ್ದ. ಆಮೇಲೆ ಆ ತಂದೆ ತಾವೇ ಟೇಪು ಸುತ್ತಿ ಗಟ್ಟಿಯಾಗಿ ಹೇಳುತ್ತಿದ್ದರು. ಐವತ್ತೆರಡು, ಐವತ್ತೆರಡು. ನಲವತ್ತೊಂಬತ್ತು, ನಲವತ್ತೊಂಬತ್ತು. ಐದನೇ ಗುರುತಿಗೆ ಬಂದಾಗ ನಾನು ಹುಡುಗರ ಕಡೆ ನೋಡಿದೆ, ಅವರು ಟೇಪಿನ ಕಡೆ ನೋಡುತ್ತಿದ್ದರು.

“ನಲವತ್ತು,” ಎಂದು ಓದಿದ ಹುಡುಗ.

ತಂದೆ ಸುತ್ತಿದರು. ಬಿಚ್ಚಿ ಇನ್ನೊಮ್ಮೆ ಸುತ್ತಿದರು. “ನಲವತ್ತು,” ಎಂದರು. ಎಂಟೂ ಗುರುತು ಹೀಗೇ ತಾಳೆಯಾದವು.

ಅವರು ಟೇಪು ಸುತ್ತಿ ಹುಡುಗನ ಕೈಗೆ ಕೊಟ್ಟು, ಕಂಬವನ್ನು ಎರಡೂ ಕೈಯಿಂದ ಹಿಡಿದು ಮೈಯ ಬಲವೆಲ್ಲ ಹಾಕಿ ತಳ್ಳಿದರು. ಎಳೆದರು. ಕಂಬ ಜಗ್ಗಲಿಲ್ಲ. ಹಿಂದೆ ತಿರುಗಿ ಪಾಲಕರ ನಡುವೆ ಕೂತಿದ್ದ ತಮ್ಮ ಮಗನನ್ನು ಕರೆದರು.

“ಕೈ ನೋಯ್ತದೇನು?”

“ಇಲ್ಲ.”

“ಏರ್ತಿ?”

ಹುಡುಗ ಅಂಗಿ ಬಿಚ್ಚಿ ತಂದೆಯ ಹೆಗಲ ಮೇಲೆ ಹಾಕಿ, ಕಂಬಕ್ಕೆ ಹಣೆ ಮುಟ್ಟಿಸಿ, ಹಾರಿ ಹಿಡಿದ. ತಿಂಗಳುಗಟ್ಟಲೆ ಏರದ ಹುಡುಗ. ಮೊದಲು ತಡವರಿಸಿದ, ಆಮೇಲೆ ಕುತ್ತಿಗೆ ಹಿಡಿದು ತಲೆಯ ಮೇಲೆ ಹತ್ತಿ ಕೂತ. ಅಲ್ಲಿಂದ ತಂದೆಯನ್ನು ನೋಡಿ ನಕ್ಕ. ತಂದೆ ಹೆಡ್ ಮಾಸ್ತರ ಕಡೆ ತಿರುಗಿ, “ಪಿರಿಯಡ್ ತಗೀಬ್ಯಾಡ್ರಿ,” ಎಂದಷ್ಟೇ ಹೇಳಿ ಕೂತುಕೊಂಡರು. ಉಳಿದ ಪಾಲಕರಲ್ಲಿ ಇಬ್ಬರು ಇನ್ನೂ ಬೇಡ ಎಂದರು, ಆದರೆ ಕೈ ಎತ್ತಿಸಿದಾಗ ಬೇಕು ಎಂದವರೇ ಹೆಚ್ಚು. ಬುಧವಾರ ಮತ್ತು ಶನಿವಾರ ಮಲ್ಲಕಂಬ ಎಂದು ವೇಳಾಪಟ್ಟಿಯಲ್ಲಿ ಉಳಿಯಿತು.

ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹೆಡ್ ಮಾಸ್ತರು ನನ್ನ ಬಳಿ ಬಂದರು.

“ಮಿಸ್ತ್ರಿ, ಇಂಥ ಕೆಲಸ ಮಾಡೀರಿ, ಕಂಬದ ಮ್ಯಾಲೆ ನಿಮ್ಮ ಹೆಸರು ಕೆತ್ರಿ. ಹುಡುಗರಿಗಿ ಗೊತ್ತಿರ್ಲಿ.”

ನನ್ನ ಕೈ ಉಳಿಯ ಚೀಲದ ಮೇಲೆ ಹೋದದ್ದು ಖರೆ. ಹೆಸರು ಕೆತ್ತಬೇಕು ಎನಿಸುವಂಥ ಕೆಲಸ ಬಡಿಗನ ಜೀವನದಲ್ಲಿ ಒಂದೋ ಎರಡೋ ಬರುತ್ತವೆ. ಕಂಬದ ಕಡೆ ನೋಡಿದೆ. ಆರನೇ ತರಗತಿಯ ಸಣ್ಣ ಹುಡುಗನೊಬ್ಬ ತಲೆ ಕೆಳಗಾಗಿ, ಎರಡೂ ಕೈ ಬಿಟ್ಟು, ಸುತ್ತುತ್ತ ಸುತ್ತುತ್ತ ಕೆಳಗೆ ಇಳಿಯುತ್ತಿದ್ದ. ಎಲ್ಲಿಯೂ ತಡೆಯಲಿಲ್ಲ.

“ಬ್ಯಾಡ್ರಿ ಸರ್,” ಎಂದೆ. “ಅಕ್ಷರ ಕಚ್ಚತಾವ.”